ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಅಡ್ಮಿರಲ್‌ಗಳು

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೊಂದಿದೆ. ಆ ದಾರಿಯಲ್ಲಿ ಎಷ್ಟೋ ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ, ಇಳಿದು ನೋಡಿದ್ದು ಮಾತ್ರ ನಿವೃತ್ತಿಯಾದ ಮೇಲೆ. ಕೆಲಸಕ್ಕೆ ಹೋಗುವ ಕಾಲದಲ್ಲಿ ಕಿಟಕಿಯಾಚೆ ಕಾಣುವುದೆಲ್ಲ ನಮ್ಮ ಸ್ಟಾಪ್ ಇನ್ನೆಷ್ಟು ದೂರ ಅನ್ನುವುದರ ಗುರುತು, ಅಷ್ಟೇ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ತುರ್ಕರ ಕೈಯಿಂದ ಹೈಫಾ ಊರನ್ನು ಕಸಿದುಕೊಂಡ ಪಡೆ ಇದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಇವರದು.

ಮೈಸೂರು ಸೀಮೆಯ ಕುದುರೆ ಸವಾರರಿಗೂ ತುರ್ಕರಿಗೂ ಏನು ಜಗಳ ಎಂದು ಕೇಳಿಕೊಂಡು ಹಿಂದಕ್ಕೆ ಹೋಗುತ್ತಾ ಹೋದರೆ ಒಂದು ಹಡಗಿಗೆ ಬಂದು ನಿಲ್ಲುತ್ತೇವೆ. ಹೆಸರು ಗೋಬೆನ್, ಜರ್ಮನಿಯದು. 1914ರ ಆಗಸ್ಟ್ 10ರಂದು ಅದು ಬ್ರೆಸ್ಲೌ ಎಂಬ ಚಿಕ್ಕ ಜೊತೆಗಾರನನ್ನು ಕರೆದುಕೊಂಡು ಡಾರ್ಡನೆಲ್ಸ್ ಕಡಲಗಂಡಿಯೊಳಗೆ ನುಸುಳಿತು. ಕಾಗದದ ಮೇಲೆ ತುರ್ಕಿಗೆ ಮಾರಾಟವಾಯಿತು. ಜರ್ಮನ್ ನಾವಿಕರೇ ಕೆಂಪು ಟೋಪಿ ಹಾಕಿಕೊಂಡು ಅದನ್ನು ನಡೆಸಿದರು. ಅಕ್ಟೋಬರ್ ಕೊನೆಯಲ್ಲಿ ಹೋಗಿ ರಷ್ಯಾದ ಕಪ್ಪು ಸಮುದ್ರದ ಬಂದರುಗಳ ಮೇಲೆ ಗುಂಡು ಹಾರಿಸಿತು. ಅಲ್ಲಿಗೆ ತುರ್ಕಿ ಯುದ್ಧದಲ್ಲಿ. ಗೋಬೆನ್ ಇಲ್ಲದಿದ್ದರೆ ತುರ್ಕಿ ಸುಮ್ಮನಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆಗಸ್ಟ್ 2ರಂದೇ ಅವರು ಜರ್ಮನಿಯ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಆದರೆ ಒಪ್ಪಂದಕ್ಕೆ ಸಹಿ ಹಾಕಿ ಮೀನಮೇಷ ಎಣಿಸುತ್ತಿದ್ದವರನ್ನು ಕೈಹಿಡಿದು ಎಳೆದದ್ದು ಈ ಹಡಗು.

ಆ ಹಡಗನ್ನು ದಾರಿಯಲ್ಲಿ ತಡೆಯಬಹುದಾಗಿದ್ದ ಒಬ್ಬ ಮನುಷ್ಯನಿದ್ದ. ಬ್ರಿಟಿಷ್ ನೌಕಾಪಡೆಯ ರಿಯರ್ ಅಡ್ಮಿರಲ್ ಅರ್ನೆಸ್ಟ್ ಟ್ರೌಬ್ರಿಜ್. ಅವನ ಬಗ್ಗೆ ಓದಲು ಹೋದವನು ನಾನು. ಓದುತ್ತಾ ಅವನ ಗೆಳೆಯನೊಬ್ಬನ ಕೈಗೆ ಸಿಕ್ಕಿಬಿದ್ದೆ. ಕ್ರಿಸ್ಟೋಫರ್ ಕ್ರಾಡಕ್. ಕ್ರಾಡಕ್ ಹುಟ್ಟಿದ್ದು 1862ರ ಜುಲೈ 2ರಂದು, ಟ್ರೌಬ್ರಿಜ್ ಅದೇ ವರ್ಷ ಜುಲೈ 15ರಂದು. ಹದಿಮೂರು ದಿನದ ಅಂತರ. ನಮ್ಮ ಕಡೆ ಆಗಿದ್ದರೆ ಯಾರಾದರೂ ಜಾತಕ ತೆಗೆದು ಕೂರುತ್ತಿದ್ದರು. ಇಬ್ಬರೂ ಎಳೆಯ ವಯಸ್ಸಿನಲ್ಲೇ ಬ್ರಿಟಾನಿಯಾ ಎಂಬ ತರಬೇತಿ ಹಡಗಿಗೆ ಸೇರಿದವರು. 1914ರ ಆಗಸ್ಟಿನಿಂದ ನವೆಂಬರ್ ನಡುವೆ, ಮೂರೇ ತಿಂಗಳ ಅಂತರದಲ್ಲಿ, ಇಬ್ಬರಿಗೂ ಒಂದೇ ಪ್ರಶ್ನೆ ಎದುರಾಯಿತು. ಒಬ್ಬ ಒಂದು ಉತ್ತರ ಕೊಟ್ಟ. ಇನ್ನೊಬ್ಬ ಅವನನ್ನು ನೋಡಿ ಬೇರೆ ಉತ್ತರ ಕೊಟ್ಟ.

ಟ್ರೌಬ್ರಿಜ್ ದೊಡ್ಡ ಮನೆತನದವನು. ಅವನ ಮುತ್ತಜ್ಜ ಸರ್ ಥಾಮಸ್ ಟ್ರೌಬ್ರಿಜ್ ನೆಲ್ಸನ್ನನ ಜೊತೆಗಾರ ಕಪ್ತಾನ. ಆ ಮುತ್ತಜ್ಜನ ಸಾವಿಗೂ ನಮ್ಮ ಕರಾವಳಿಗೂ ನಂಟಿದೆ: 1807ರ ಜನವರಿಯಲ್ಲಿ ಬ್ಲೆನ್‌ಹೈಮ್ ಎಂಬ ಹಳೆಯ ಹಡಗಿನಲ್ಲಿ ಮದರಾಸಿನಿಂದ ಆಫ್ರಿಕದ ದಕ್ಷಿಣ ತುದಿಯ ಕೇಪ್‌ಗೆ ಹೊರಟವನು ಮಡಗಾಸ್ಕರ್ ಹತ್ತಿರ ಚಂಡಮಾರುತಕ್ಕೆ ಸಿಕ್ಕಿ ಹಡಗಿನ ಸಮೇತ ಕಾಣದಾದ. ಇಂಥ ಮುತ್ತಜ್ಜನ ಹೆಸರು ಹೊತ್ತು ನೌಕಾಪಡೆಯಲ್ಲಿ ಬೆಳೆಯುವುದು ಸುಲಭವೂ ಹೌದು, ಕಷ್ಟವೂ ಹೌದು. ಮರಿಮೊಮ್ಮಗ ನೋಡಲು ಚೆಲುವ, ಬೇಗ ಬೆಳ್ಳಗಾದ ಕೂದಲು. ಸಿಬ್ಬಂದಿ ಅವನನ್ನು 'ಬೆಳ್ಳಿ ರಾಜ' ಎಂದು ಕರೆಯುತ್ತಿದ್ದರು. ವಿಯೆನ್ನಾ, ಮ್ಯಾಡ್ರಿಡ್, ಟೋಕಿಯೋಗಳ ರಾಯಭಾರ ಕಚೇರಿಗಳಲ್ಲಿ ನೌಕಾ ಪ್ರತಿನಿಧಿಯಾಗಿದ್ದ. 1904ರಲ್ಲಿ ರಷ್ಯಾ–ಜಪಾನ್ ಯುದ್ಧ ಶುರುವಾದಾಗ ಜಪಾನಿನಲ್ಲೇ ಇದ್ದು ಆಧುನಿಕ ಫಿರಂಗಿ ಏನು ಮಾಡಬಲ್ಲದು ಎಂಬುದನ್ನು ಹತ್ತಿರದಿಂದ ತಿಳಿದುಕೊಂಡ. ಆ ತಲೆಮಾರಿನ ಬಹುಪಾಲು ಬ್ರಿಟಿಷ್ ಅಧಿಕಾರಿಗಳಿಗೆ ಇಲ್ಲದ ಅನುಭವ ಅದು. ಅವರು ಕಂಡದ್ದು ಗುಲಾಮರ ದೋಣಿ ಹಿಡಿಯುವುದು, ನದಿಯಲ್ಲಿ ಗನ್‌ಬೋಟ್ ಓಡಿಸುವುದು, ಹಡಗಿಗೆ ಬಣ್ಣ ಬಳಿಸಿ ಹಿತ್ತಾಳೆ ಉಜ್ಜಿಸುವುದು.

ಕ್ರಾಡಕ್ ಆ ಬಹುಪಾಲಿನವನು, ಅದರಲ್ಲೇ ಅತ್ಯುತ್ತಮ ನಮೂನೆ. ಯಾರ್ಕ್‌ಷೈರಿನ ಜಮೀನುದಾರರ ಮನೆಯ ಹುಡುಗ. ಮದುವೆಯಾಗಲಿಲ್ಲ, ನಾಯಿಯೊಂದು ಜೊತೆಗಿರುತ್ತಿತ್ತು. ಫಿರಂಗಿಯಲ್ಲೋ ಟಾರ್ಪಿಡೋದಲ್ಲೋ ವಿಶೇಷ ಪರಿಣತಿ ಪಡೆಯದೆ ಬರೀ ಹಡಗು ನಡೆಸುವುದನ್ನೇ ಕಲಿತವರಿಗೆ ಆ ಪಡೆಯಲ್ಲಿ 'ಉಪ್ಪುಕುದುರೆ' ಎಂಬ ಅಡ್ಡಹೆಸರಿತ್ತು. ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ಗಟ್ಟಿ ಮಾಂಸಕ್ಕೆ ನಾವಿಕರು ಇಟ್ಟಿದ್ದ ಹೆಸರು ಅದು. ಕ್ರಾಡಕ್ ಅಂಥ ಉಪ್ಪುಕುದುರೆ, ಅದಕ್ಕೆ ಹೆಮ್ಮೆಪಟ್ಟವನು. ಮೂರು ಪುಸ್ತಕ ಬರೆದ. ಒಂದು ಬೇಟೆಯ ಬಗ್ಗೆ, ಎರಡು ಕಿರಿಯ ಅಧಿಕಾರಿಗಳಿಗೆ ಹಡಗಿನ ಕೆಲಸ ಹೇಳಿಕೊಡುವಂಥವು. ಸೂಡಾನಿನಲ್ಲಿ ಕಾದಾಡಿದ. 1900ರ ಜೂನ್ 17ರಂದು ಚೀನಾದ ತಾಕು ಕೋಟೆಗಳ ಮೇಲೆ ಹಲವು ದೇಶಗಳ ನಾವಿಕರು ಒಟ್ಟಾಗಿ ನುಗ್ಗಿದಾಗ ಬ್ರಿಟಿಷ್ ತುಕಡಿಯ ಮುಂದೆ ಇದ್ದವನು ಅವನೇ. ಅದಕ್ಕಾಗಿ ಜರ್ಮನಿಯ ಕೈಸರ್ ಕೂಡ ಒಂದು ಪದಕ ಕೊಟ್ಟ.

1911ರ ಡಿಸೆಂಬರಿನಲ್ಲಿ ಪಿ ಅಂಡ್ ಓ ಕಂಪನಿಯ 'ಡೆಲ್ಲಿ' ಎಂಬ ಪ್ರಯಾಣಿಕರ ಹಡಗು ಮೊರಾಕ್ಕೊ ದಂಡೆಯಲ್ಲಿ, ಕೇಪ್ ಸ್ಪಾರ್ಟೆಲ್ ಹತ್ತಿರ, ನೆಲ ಕಚ್ಚಿತು. ರಾಜನ ತಂಗಿ, ಅವಳ ಗಂಡ ಡ್ಯೂಕ್ ಆಫ್ ಫೈಫ್, ಮಕ್ಕಳು ಒಳಗಿದ್ದರು. ಉಬ್ಬರದ ಅಲೆಯಲ್ಲಿ ದೋಣಿ ಇಳಿಸಿ ಅವರನ್ನು ದಡ ಸೇರಿಸಿದ್ದು ಕ್ರಾಡಕ್. ಸರ್ ಪದವಿ ಬಂತು. ಯುದ್ಧದಲ್ಲಿ ಸಾಯಬೇಕು, ಇಲ್ಲವಾದರೆ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಕತ್ತು ಮುರಿದುಕೊಳ್ಳಬೇಕು ಎನ್ನುತ್ತಿದ್ದನಂತೆ. ಇಂಥ ಮಾತನ್ನು ಊಟವಾದ ಮೇಲೆ ಯಾರು ಬೇಕಾದರೂ ಆಡಬಹುದು. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ನಾವು ನಗುವುದು ಅದಕ್ಕೇ. ಇವನ ವಿಷಯದಲ್ಲಿ ಹಾಗೆ ನಗಲಾಗುವುದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನಿಮಗಿಂತ ಬಲಶಾಲಿಯಾದ ಶತ್ರು ಎದುರಿಗಿದ್ದಾನೆ. ಮೇಲಿನವರ ಆದೇಶ ನಿಮ್ಮ ಕೈಯಲ್ಲಿದೆ. ಓದಿದರೆ ಹೀಗೂ ಅರ್ಥವಾಗುತ್ತದೆ, ಹಾಗೂ ಅರ್ಥವಾಗುತ್ತದೆ. ಕಾದಬೇಕೋ, ಬಿಡಬೇಕೋ?

1914ರ ಜುಲೈ 30ರಂದು ನೌಕಾ ಖಾತೆಯ ಮಂತ್ರಿ, ಮೂವತ್ತೊಂಬತ್ತರ ಚರ್ಚಿಲ್, ಮೆಡಿಟರೇನಿಯನ್ ಪಡೆಗೆ ಒಂದು ತಂತಿ ಕಳಿಸಿದ. ಆಫ್ರಿಕದಿಂದ ಸೈನ್ಯ ಸಾಗಿಸುವ ಫ್ರೆಂಚರಿಗೆ ನೆರವಾಗಿ, ಸಾಧ್ಯವಾದರೆ ಗೋಬೆನ್‌ನಂಥ ವೇಗದ ಜರ್ಮನ್ ಹಡಗನ್ನು ಹಿಡಿಯಿರಿ. ಆದರೆ ಫ್ರೆಂಚರ ಜೊತೆಗೂಡಿ ನಡೆಸುವ ದೊಡ್ಡ ಕಾಳಗದಲ್ಲಿ ಹೊರತು, ಈ ಹಂತದಲ್ಲಿ ನಿಮಗಿಂತ ಮಿಗಿಲಾದ ಬಲದ ಜೊತೆ ಕೈಮಿಲಾಯಿಸಬೇಡಿ. 'ಮಿಗಿಲಾದ ಬಲ' ಎಂದಾಗ ತನ್ನ ತಲೆಯಲ್ಲಿದ್ದದ್ದು ಆಸ್ಟ್ರಿಯಾದ ನೌಕಾಪಡೆ ಎಂದು ಚರ್ಚಿಲ್ ಆಮೇಲೆ ಬರೆದುಕೊಂಡ. ತಂತಿಯ ಆ ವಾಕ್ಯದಲ್ಲಿ ಆಸ್ಟ್ರಿಯಾದ ಹೆಸರು ಇರಲಿಲ್ಲ.

ಟ್ರೌಬ್ರಿಜ್ ಕೈಯಲ್ಲಿದ್ದದ್ದು ನಾಲ್ಕು ಹಳೆಯ ಕವಚದ ಕ್ರೂಸರ್‌ಗಳು: ಡಿಫೆನ್ಸ್, ವಾರಿಯರ್, ಡ್ಯೂಕ್ ಆಫ್ ಎಡಿನ್‌ಬರೋ, ಬ್ಲ್ಯಾಕ್ ಪ್ರಿನ್ಸ್. ಅವುಗಳ ದೊಡ್ಡ ಫಿರಂಗಿಯ ಬಾಯಿ 9.2 ಇಂಚು. ಗೋಬೆನ್‌ಗೆ 11 ಇಂಚಿನ ಹತ್ತು ಫಿರಂಗಿ, ದಪ್ಪ ಕವಚ, ಮೇಲಾಗಿ ವೇಗ. ತನಗೆ ಬೇಕಾದಷ್ಟು ದೂರದಲ್ಲಿ ನಿಂತು, ಇವರ ಗುಂಡು ತಲುಪದ ಜಾಗದಿಂದ, ಒಂದೊಂದನ್ನಾಗಿ ಮುಳುಗಿಸಬಲ್ಲ ಹಡಗು. ಕಾಗದದ ಲೆಕ್ಕ ಇದು. ಗೋಬೆನ್‌ನ ಬಾಯ್ಲರುಗಳು ಸೋರುತ್ತಿದ್ದವು, ಹೇಳಿಕೊಂಡಷ್ಟು ವೇಗ ಅದಕ್ಕೆ ಆಗ ಇರಲಿಲ್ಲ. ಆದರೆ ಅದು ಟ್ರೌಬ್ರಿಜ್‌ಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಆಗಸ್ಟ್ 6ರ ಸಂಜೆ ಗೋಬೆನ್ ಇಟಲಿಯ ಮೆಸ್ಸಿನಾ ಬಿಟ್ಟಿತು. ಮೊದಲು ಏಡ್ರಿಯಾಟಿಕ್ ಕಡೆ ಹೊರಟಂತೆ ಮಾಡಿ, ಕತ್ತಲಾದ ಮೇಲೆ ಆಗ್ನೇಯಕ್ಕೆ ತಿರುಗಿತು. ಗ್ಲೌಸ್ಟರ್ ಎಂಬ ಚಿಕ್ಕ ಕ್ರೂಸರ್ ಅದರ ಬಾಲ ಹಿಡಿದು ಸುದ್ದಿ ಕಳಿಸುತ್ತಲೇ ಇತ್ತು. ಏಡ್ರಿಯಾಟಿಕ್ ಬಾಯಿಯಲ್ಲಿ, ಕೆಫಲೋನಿಯಾ ದ್ವೀಪದ ಹತ್ತಿರ ಕಾಯುತ್ತಿದ್ದ ಟ್ರೌಬ್ರಿಜ್ ನಡುರಾತ್ರಿ ನಿರ್ಧಾರ ಮಾಡಿದ. ನಾಲ್ಕೂ ಹಡಗು ದಕ್ಷಿಣಕ್ಕೆ. ಬೆಳಕು ಹರಿಯುವ ಮುನ್ನವೇ ಗೋಬೆನ್‌ಗೆ ಅಡ್ಡ ಬಂದರೆ, ಅರೆಗತ್ತಲಲ್ಲಿ ದೂರದ ಅನುಕೂಲ ಅದಕ್ಕೆ ಸಿಗುವುದಿಲ್ಲ.

ಅವನ ಹಡಗಿನ ಕಪ್ತಾನ ಫಾಸೆಟ್ ರೇ ಫಿರಂಗಿ ವಿಷಯದಲ್ಲಿ ಪಳಗಿದವನು. ಕತ್ತಲಲ್ಲಿ ಬಂದು ಕೇಳಿದ: ಕಾದುವುದು ಖಂಡಿತವೇ? ಹೌದು, ತಪ್ಪೆಂದು ಗೊತ್ತು, ಆದರೆ ಇಡೀ ಪಡೆಯ ಹೆಸರು ಕೊಳೆತು ನಾರುವಂತೆ ಮಾಡಲಾರೆ ಎಂದ ಅಡ್ಮಿರಲ್. ರೇ ಹೋದ. ಮುಕ್ಕಾಲು ಗಂಟೆಯ ಮೇಲೆ ಮತ್ತೆ ಬಂದ. ಲೆಕ್ಕ ಹೇಳಿದ. ಹತ್ತಿರ ಹೋಗಲು ಆಗುವುದಿಲ್ಲ, ಇದು ಕಾಳಗವಲ್ಲ, ಆತ್ಮಹತ್ಯೆ. ಬೆಳಗಿನ ಸುಮಾರು 4ಕ್ಕೆ ಟ್ರೌಬ್ರಿಜ್ ಬೆನ್ನಟ್ಟುವುದನ್ನು ಕೈಬಿಟ್ಟ. ನೀವು ಬದುಕಿನಲ್ಲಿ ಮಾಡಿದ ಅತ್ಯಂತ ಧೈರ್ಯದ ಕೆಲಸ ಇದು ಎಂದು ರೇ ಹೇಳಿದನಂತೆ. ಅಡ್ಮಿರಲ್ ಕಣ್ಣಲ್ಲಿ ನೀರಿತ್ತಂತೆ.

ನನಗೆ ಆ ನಡುವಿನ ಮುಕ್ಕಾಲು ಗಂಟೆಯ ಮೇಲೆ ಕಣ್ಣು. ರೇ ಒಮ್ಮೆ ಬಂದು ಹೋದ, ಮತ್ತೆ ಬಂದ. ಅಷ್ಟು ಹೊತ್ತು ಅಡ್ಮಿರಲ್ ಕತ್ತಲಲ್ಲಿ ಒಬ್ಬನೇ ಇದ್ದ. ಮುತ್ತಜ್ಜ ನೆನಪಾಗಿರಬೇಕು, ಜಪಾನಿನ ದಿನಗಳು ನೆನಪಾಗಿರಬೇಕು. ಎರಡೂ ಹೇಳಿದ್ದು ಒಂದೇ ಮಾತಾಗಿರಲಾರದು.

ಇಲ್ಲಿ ಒಂದು ಮಾತು ಪಕ್ಕಕ್ಕೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಕಡತ ಹೊತ್ತವನು ನಾನು. ನಮ್ಮಲ್ಲಿ ಒಂದು ವಾಕ್ಯವಿತ್ತು: 'ಸ್ಥಳೀಯ ಪರಿಸ್ಥಿತಿಯನ್ನು ಪರಿಗಣಿಸಿ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲು ತಿಳಿಸಿದೆ.' ಒಂದು ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಈ ವಾಕ್ಯ ಹೊತ್ತ ಸುತ್ತೋಲೆ ಎರಡು ತಾಲೂಕಿಗೆ ಹೋಯಿತು. ಒಬ್ಬರು ಟೆಂಡರ್ ಗಿಂಡರ್ ನೋಡದೆ ಅಕ್ಕಿ, ಟಾರ್ಪಾಲು ಕೊಂಡು ಹಂಚಿದರು. ಆರು ವರ್ಷ ಆಡಿಟ್ ಪ್ಯಾರಾ ಬೆನ್ನು ಬಿಡಲಿಲ್ಲ, ನಿವೃತ್ತಿ ಹಣ ತಡೆಹಿಡಿದರು. ಇನ್ನೊಬ್ಬರು ಮಂಜೂರಾತಿ ಬರಲಿ ಎಂದು ಕಾದರು. ಅವರಿಗೆ ಕರ್ತವ್ಯಲೋಪವೆಂದು ಕಾರಣ ಕೇಳಿ ನೋಟಿಸು. ಸುತ್ತೋಲೆಗೆ ಸಹಿ ಮಾಡಿದವರಿಗೆ ಏನೂ ಆಗಲಿಲ್ಲ, ವರ್ಗವಾಗಿ ಬಡ್ತಿ ಮೇಲೆ ಹೋದರು. ಜುಲೈ 30ರ ತಂತಿಯನ್ನು ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕೆ. ಮನೆಯವರು ಅಡುಗೆಮನೆಯಿಂದ ಇಣುಕಿ ನೋಡಿದರು.

ಟ್ರೌಬ್ರಿಜ್‌ನನ್ನು ವಾಪಸ್ ಕರೆಸಿಕೊಂಡರು. ಮೊದಲು ವಿಚಾರಣೆ, ಅದು ಸಾಲದೆಂದು ಕೋರ್ಟ್ ಮಾರ್ಷಲ್. ಓಡುತ್ತಿರುವ ಶತ್ರುವನ್ನು ನಿರ್ಲಕ್ಷ್ಯದಿಂದಲೋ ಬೇರೆ ಲೋಪದಿಂದಲೋ ಬೆನ್ನಟ್ಟದೆ ಬಿಟ್ಟ ಎಂಬುದು ಆರೋಪ. ಆ ಪಡೆಯಲ್ಲಿ ಇಂಥ ಆರೋಪಕ್ಕೆ ಹಳೆಯ ನೆರಳೊಂದಿದೆ. 1757ರಲ್ಲಿ ಅಡ್ಮಿರಲ್ ಬಿಂಗ್‌ನನ್ನು, ಮಿನೋರ್ಕಾ ಉಳಿಸಲು ಕೈಲಾದಷ್ಟು ಮಾಡಲಿಲ್ಲವೆಂದು, ಹಡಗಿನ ಮೇಲೆಯೇ ನಿಲ್ಲಿಸಿ ಗುಂಡಿಟ್ಟು ಕೊಂದಿದ್ದರು. ಪ್ರತಿ ಬ್ರಿಟಿಷ್ ಕೆಡೆಟ್‌ಗೆ ಗೊತ್ತಿದ್ದ ಕಥೆ ಅದು. ಟ್ರೌಬ್ರಿಜ್‌ನ ಮೇಲಧಿಕಾರಿ, ಮೂರು ದೊಡ್ಡ ಬ್ಯಾಟಲ್‌ಕ್ರೂಸರ್‌ಗಳನ್ನು ಇಟ್ಟುಕೊಂಡೂ ಗೋಬೆನ್‌ನನ್ನು ಕಳೆದುಕೊಂಡ ಸರ್ ಬರ್ಕ್‌ಲಿ ಮಿಲ್ನ್, ಅಧಿಕೃತವಾಗಿ ನಿರ್ದೋಷಿಯಾದ. ಮುದುಕ ಅಡ್ಮಿರಲ್ ಫಿಶರ್ ಮಾತ್ರ ಅವನನ್ನು 'ಸರ್ ಬರ್ಕ್‌ಲಿ ಗೋಬೆನ್' ಎಂದೇ ಕರೆದ.

ಈ ಸುದ್ದಿ ಅಟ್ಲಾಂಟಿಕ್ ದಾಟಿ ಕ್ರಾಡಕ್‌ನ ಕಿವಿಗೆ ಬಿತ್ತು.

ಅವನಾಗ ದಕ್ಷಿಣ ಅಮೆರಿಕದ ಕೆಳತುದಿಯಲ್ಲಿದ್ದ. ಚೀನಾದ ಸಿಂಗ್‌ಟಾವ್ ನೆಲೆಯಾಗಿದ್ದ ಜರ್ಮನ್ ಪಡೆಯ ನಾಯಕ ವೈಸ್ ಅಡ್ಮಿರಲ್ ಮ್ಯಾಕ್ಸಿಮಿಲಿಯನ್ ಫೋನ್ ಸ್ಪೇ ಶಾಂತಸಾಗರವನ್ನು ಅಡ್ಡಹಾಯ್ದು ಚಿಲಿಯತ್ತ ಬರುತ್ತಿದ್ದ. ಈ ಪಡೆ ನಮಗೂ ಪರಿಚಯದ್ದೇ. ಅದರಿಂದ ಬೇರ್ಪಟ್ಟು ಹಿಂದೂ ಮಹಾಸಾಗರಕ್ಕೆ ಬಂದ ಒಂದು ಹಡಗೇ ಎಮ್ಡನ್. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ್ದು ಅದು. ತಮಿಳರು ಈಗಲೂ ಗಟ್ಟಿ ಆಸಾಮಿಯನ್ನು 'ಎಮ್ಡನ್' ಅನ್ನುತ್ತಾರೆ.

ಸ್ಪೇ ಹತ್ತಿರ ಶಾರ್ನ್‌ಹೊರ್ಸ್ಟ್, ಗ್ನೈಸನೌ ಎಂಬ ಎರಡು ದೊಡ್ಡ ಕ್ರೂಸರ್, ಒಂದೊಂದರಲ್ಲಿ 8.2 ಇಂಚಿನ ಎಂಟು ಫಿರಂಗಿ. ಒಟ್ಟಿಗೆ ಪಳಗಿದ, ಗುರಿಗೆ ಹೆಸರಾದ ಸಿಬ್ಬಂದಿ. ಕ್ರಾಡಕ್ ಇದ್ದ ಗುಡ್ ಹೋಪ್ ಎಂಬ ಹಡಗಿನಲ್ಲಿ 9.2 ಇಂಚಿನವು ಎರಡೇ. ಉಳಿದವು 6 ಇಂಚಿನವು. ಅವುಗಳಲ್ಲಿ ಅರ್ಧದಷ್ಟು ನೀರಿಗೆ ಎಷ್ಟು ಹತ್ತಿರವೆಂದರೆ ಅಲೆ ಎದ್ದರೆ ಬಾಗಿಲು ಮುಚ್ಚಿ ಕೂರಬೇಕು. ಅದರ ಜೊತೆಯ ಮನ್‌ಮತ್ ಎಂಬ ಕ್ರೂಸರ್‌ನಲ್ಲಿ 6 ಇಂಚಿನವು ಬಿಟ್ಟು ಬೇರೆ ಇಲ್ಲ. ಎರಡರ ಸಿಬ್ಬಂದಿಯೂ ಹೆಚ್ಚಾಗಿ ರಿಸರ್ವಿನವರು. ಯುದ್ಧ ಬಂದಾಗ ಊರಿನ ಕೆಲಸ ಬಿಟ್ಟು ಬಂದವರು. ಜೊತೆಗೆ ಗ್ಲಾಸ್ಗೋ ಎಂಬ ಹೊಸ ಚಿಕ್ಕ ಕ್ರೂಸರ್, ಒಟ್ರಾಂಟೋ ಎಂಬ ಪ್ರಯಾಣಿಕರ ಹಡಗಿಗೆ ಫಿರಂಗಿ ಕಟ್ಟಿದ್ದು, ಹದಿನೈದು ವರ್ಷ ಹಳೆಯ ಕನೋಪಸ್ ಎಂಬ ಯುದ್ಧನೌಕೆ.

ಕನೋಪಸ್ ಬಗ್ಗೆ ನಿಂತು ಹೇಳಬೇಕು. ಅದರಲ್ಲಿ 12 ಇಂಚಿನ ನಾಲ್ಕು ಫಿರಂಗಿ ಇದ್ದವು. ಅದೊಂದು ಕೋಟೆ, ಅದರ ಸುತ್ತ ಇದ್ದರೆ ನಿನಗೆ ಭಯವಿಲ್ಲ ಎಂಬುದು ಲಂಡನ್ನಿನ ಲೆಕ್ಕ. ದಕ್ಷಿಣ ಅಮೆರಿಕದಾಚೆಯ ಬ್ರಿಟಿಷ್ ದ್ವೀಪಗಳಾದ ಫಾಕ್‌ಲ್ಯಾಂಡಿಗೆ ಬಂದ ಕನೋಪಸ್ ಹೇಳಿದ್ದು: 12 ನಾಟ್‌ಗಿಂತ (ಗಂಟೆಗೆ 12 ಕಡಲ ಮೈಲಿ) ಹೆಚ್ಚು ಓಡಲಾರೆ, ಎಂಜಿನ್ ರಿಪೇರಿ ಆಗಬೇಕು. ಶತ್ರುವಿನ ವೇಗ ಇಪ್ಪತ್ತರ ಮೇಲೆ. ಕೋಟೆಯನ್ನು ಹೊತ್ತುಕೊಂಡು ಓಡುವವನನ್ನು ಹಿಡಿಯುವುದು ಹೇಗೆ? ಕ್ರಾಡಕ್ ಅದನ್ನು ಹಿಂದೆ ಬರಲು ಹೇಳಿ ಮುಂದೆ ಹೋದ. ಅವನು ಹೋದ ಮೇಲೆ ಬಯಲಾದದ್ದು ಬೇರೆ: ಎಂಜಿನ್ನಿಗೆ ಅಂಥ ರೋಗವೇನೂ ಇರಲಿಲ್ಲ, ಅದು 16 ನಾಟ್ ಓಡಬಲ್ಲದಾಗಿತ್ತು. ರೋಗ ಇದ್ದದ್ದು ಮುಖ್ಯ ಎಂಜಿನಿಯರನ ಮನಸ್ಸಿಗೆ. ಆತ ಕೋಣೆ ಬಿಟ್ಟು ಹೊರಬರದೆ ಸುಳ್ಳು ವರದಿ ಕೊಡುತ್ತಿದ್ದ. ಯುದ್ಧದ ಇತಿಹಾಸದಲ್ಲಿ ಇಂಥ ಮೂಲೆಗಳು ಸಿಕ್ಕಾಗ ನನಗೆ ನಾಯಕರ ಬಗ್ಗೆ ತೀರ್ಪು ಕೊಡುವ ಉತ್ಸಾಹ ಇಳಿದುಹೋಗುತ್ತದೆ.

ಕ್ರಾಡಕ್‌ಗೆ ಬೇಕಾಗಿದ್ದದ್ದು ಡಿಫೆನ್ಸ್. ಟ್ರೌಬ್ರಿಜ್ ಆ ರಾತ್ರಿ ನಿಂತಿದ್ದ ಅದೇ ಡಿಫೆನ್ಸ್. ಸೆಪ್ಟೆಂಬರಿನಲ್ಲಿ ಅದು ನಿನ್ನ ಕಡೆ ಬರುತ್ತದೆ ಎಂದು ತಿಳಿಸಿದ ಅಡ್ಮಿರಾಲ್ಟಿ, ಅಂದರೆ ಲಂಡನ್ನಿನ ನೌಕಾ ಖಾತೆ, ಆಮೇಲೆ ಮನಸ್ಸು ಬದಲಾಯಿಸಿ ಅದನ್ನು ತಡೆದಿತು, ಕ್ರಾಡಕ್‌ಗೆ ಹೇಳಲು ಮರೆಯಿತು. ಅಕ್ಟೋಬರ್ 5ರ ತಂತಿ: ಶತ್ರು ಬರುತ್ತಿರಬಹುದು, ಒಟ್ಟಾಗಿ ಎದುರಿಸಲು ಸಿದ್ಧನಾಗಿರು, ಹುಡುಕು, ವ್ಯಾಪಾರವನ್ನು ಕಾಪಾಡು. ಎದುರಿಸಲು ಸಿದ್ಧನಾಗಿರು ಎಂದರೆ ಎದುರಿಸು ಎಂದೇ? ಅಕ್ಟೋಬರ್ 26ರಂದು ಅವನು ಬರೆದ: ಕನೋಪಸ್ ಕಟ್ಟಿಕೊಂಡು ಶತ್ರುವನ್ನು ಹುಡುಕಿ ನಾಶಮಾಡುವುದು ಅಸಾಧ್ಯ, ಡಿಫೆನ್ಸ್ ನನ್ನ ಜೊತೆ ಸೇರಲಿ ಎಂದು ಹೇಳಿದ್ದೇನೆ. ಈ ಸಂದೇಶ ನನಗೆ ಪೂರ್ತಿ ಅರ್ಥವಾಗುತ್ತಿಲ್ಲ ಎಂದು ಚರ್ಚಿಲ್ ಟಿಪ್ಪಣಿ ಹಾಕಿದ. ಡಿಫೆನ್ಸ್ ಅಟ್ಲಾಂಟಿಕ್ ಕಡೆಯೇ ಇರಲಿ ಎಂದು ಉತ್ತರ ಹೋಯಿತು. ಅದೇ ವಾರ ಲಂಡನ್ನಿನಲ್ಲಿ ನೌಕಾಪಡೆಯ ಮುಖ್ಯಸ್ಥ ಪ್ರಿನ್ಸ್ ಲೂಯಿ ಬ್ಯಾಟನ್‌ಬರ್ಗ್, ಜರ್ಮನ್ ಮೂಲದವನೆಂಬ ಕೂಗಿಗೆ ಬೇಸತ್ತು ರಾಜೀನಾಮೆ ಕೊಡುತ್ತಿದ್ದ. ಎಪ್ಪತ್ಮೂರರ ಫಿಶರ್ ಮತ್ತೆ ಆ ಕುರ್ಚಿಗೆ ಬಂದು ಕೂರುತ್ತಿದ್ದ. ಭೂಮಿಯ ಆ ತುದಿಯಲ್ಲಿದ್ದವನ ಕಡತ ಯಾರ ಮೇಜಿನ ಮೇಲಿತ್ತೋ.

ಫಾಕ್‌ಲ್ಯಾಂಡ್ ಬಿಡುವಾಗ ಕ್ರಾಡಕ್ ಗವರ್ನರ್ ಅಲರ್ಡೈಸ್ ಕೈಗೆ ಒಂದು ಕಾಗದ ಕೊಟ್ಟ. ತಾನು ಸತ್ತರೆ ಮಾತ್ರ ಹಳೆಯ ಗೆಳೆಯ ಅಡ್ಮಿರಲ್ ಮ್ಯೂಗೆ ಕಳಿಸಬೇಕು. ಪಾಪದ ಟ್ರೌಬ್ರಿಜ್‌ಗೆ ಬಂದ ಗತಿ ತನಗೆ ಬಾರದಂತೆ ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತು ಅವನದಾಗಿ ಉಳಿದಿದೆ.

ನಮ್ಮ ಊರುಗಳ ವೀರಗಲ್ಲುಗಳ ಮೇಲೆ ಒಂದು ಶ್ಲೋಕ ಮತ್ತೆ ಮತ್ತೆ ಬರುತ್ತದೆ: ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಏಕೆ. ಮೂರನೆಯವನಿಗೆ, ಲೆಕ್ಕ ಹಾಕಿ ಜನರನ್ನು ಉಳಿಸಿಕೊಂಡು ಹಿಂದಿರುಗಿದವನಿಗೆ, ಶ್ಲೋಕದಲ್ಲಿ ಜಾಗವಿಲ್ಲ. ಬ್ರಿಟಿಷ್ ನೌಕಾಪಡೆಯ ಕಲ್ಲಿನಲ್ಲೂ ಇರಲಿಲ್ಲ ಎಂದು ಕ್ರಾಡಕ್‌ಗೆ ಗೊತ್ತಾಗಿತ್ತು.

ನವೆಂಬರ್ 1, ಭಾನುವಾರ. ಚಿಲಿಯ ಕೊರೊನೆಲ್ ಊರಿನಾಚೆ ಕಡಲು ಕುದಿಯುತ್ತಿತ್ತು. ಜರ್ಮನರು ಎಲ್ಲ ಸಂದೇಶವನ್ನೂ ಲೈಪ್‌ಝಿಗ್ ಎಂಬ ಒಂದೇ ಹಡಗಿನ ಹೆಸರಿನಲ್ಲಿ ಕಳಿಸುತ್ತಿದ್ದರು. ಅದೊಂದೇ ಇದೆಯೆಂದುಕೊಂಡು ಕ್ರಾಡಕ್ ಬಲೆ ಬೀಸಿದ. ಸ್ಪೇ ಕೂಡ ಗ್ಲಾಸ್ಗೋ ಒಂಟಿಯಾಗಿದೆಯೆಂದೇ ಹುಡುಕಿಕೊಂಡು ಬರುತ್ತಿದ್ದ. ಸಂಜೆ ನಾಲ್ಕೂವರೆಯ ಸುಮಾರಿಗೆ ಹೊಗೆ ಕಂಡಿತು. ಒಂದಲ್ಲ, ಮೂರು, ನಾಲ್ಕು ಹೊಗೆ. ಕನೋಪಸ್ ಇನ್ನೂ ಸುಮಾರು 250 ಮೈಲಿ ದಕ್ಷಿಣದಲ್ಲಿತ್ತು. ಕತ್ತಲಾಗಲು ಎರಡೂವರೆ ಗಂಟೆ. ತಿರುಗಿ ಕನೋಪಸ್ ಕಡೆ ಓಡಬಹುದಿತ್ತು. ಒಟ್ರಾಂಟೋ ನಿಧಾನ, ಅದನ್ನು ಬಿಟ್ಟುಹೋಗಬೇಕಾಗಬಹುದಿತ್ತು, ಆದರೂ ದಾರಿ ಇತ್ತು. ಅವನು ಹಡಗುಗಳನ್ನು ಸಾಲು ಮಾಡಿ ಶತ್ರುವಿನ ಕಡೆ ತಿರುಗಿಸಿದ. ಈಗ ದಾಳಿ ಮಾಡಲು ಹೊರಟಿದ್ದೇನೆ ಎಂದು ಕನೋಪಸ್‌ಗೆ ತಂತಿಯಿಲ್ಲದ ಸಂದೇಶ ಕಳಿಸಿದ.

ಮೊದಲು ಸೂರ್ಯ ಅವನ ಬೆನ್ನಿಗಿದ್ದ. ಜರ್ಮನ್ ಗುರಿಕಾರರ ಕಣ್ಣಿಗೆ ಬೆಳಕು ಹೊಡೆಯುತ್ತಿತ್ತು. ಆಗಲೇ ಕಾಳಗ ಹೂಡಬೇಕೆಂದು ಹತ್ತಿರ ಬರಲು ನೋಡಿದ. ಸ್ಪೇ ಅವಸರ ಮಾಡಲಿಲ್ಲ, ದೂರ ಕಾಯ್ದುಕೊಂಡ. ಸೂರ್ಯ ಮುಳುಗಿದ್ದೇ ತಡ ಆಟ ತಿರುಗಿತು: ಪಡುವಣ ಕೆಂಪಿನ ಮೇಲೆ ಬ್ರಿಟಿಷ್ ಹಡಗುಗಳು ಕಾಡಿಗೆಯಲ್ಲಿ ಬರೆದಂತೆ ಕಂಡವು, ಜರ್ಮನರು ಮೂಡಣದ ಮಬ್ಬಿನಲ್ಲಿ ಕರಗಿದರು. 7ರ ಸುಮಾರಿಗೆ ಶಾರ್ನ್‌ಹೊರ್ಸ್ಟ್ ಗುಂಡು ಹಾರಿಸಿತು. ಗುಡ್ ಹೋಪ್‌ನ ಮುಂದಿನ 9.2 ಇಂಚಿನ ಫಿರಂಗಿ ತನ್ನ ಮೊದಲ ನಿಮಿಷಗಳಲ್ಲೇ ಹಾಳಾಯಿತು. ಉಳಿದದ್ದು ಅಂಥದ್ದು ಒಂದು. ಕ್ರಾಡಕ್ ತನ್ನ 6 ಇಂಚಿನ ಫಿರಂಗಿಗಳಿಗೆ ಎಟುಕುವಷ್ಟು ಹತ್ತಿರವಾಗಲು ಹಡಗನ್ನು ಮುಂದೆ ಮುಂದೆ ನಡೆಸಿದ. ಹತ್ತಿರವಾದಷ್ಟೂ ಏಟು ಹೆಚ್ಚಿತು. ಎಂಟು ಗಂಟೆಗೆ ಮುನ್ನ ಗುಡ್ ಹೋಪ್‌ನ ನಡುವೆ ಬೆಂಕಿಯ ಕಂಬ ಎದ್ದಿತು. ಮುಳುಗಿದ್ದನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಮನ್‌ಮತ್ ವಾಲಿಕೊಂಡು ಕತ್ತಲಲ್ಲಿ ತೆವಳುತ್ತಿತ್ತು. ನ್ಯೂರ್ನ್‌ಬರ್ಗ್ ಎಂಬ ಜರ್ಮನ್ ಹಡಗು ಅದನ್ನು ಹುಡುಕಿ ಹಿಡಿಯಿತು. ತಪ್ಪಿಸಿಕೊಂಡು ದೂರ ಹೋಗುತ್ತಿದ್ದ ಗ್ಲಾಸ್ಗೋದಿಂದ ಆ ಕೊನೆಯ ಫಿರಂಗಿ ಮಿಂಚುಗಳನ್ನು ಎಣಿಸಿದರು. ಎಪ್ಪತ್ತೈದು.

ಎರಡೂ ಹಡಗಿನಲ್ಲಿ ಒಬ್ಬನೂ ಉಳಿಯಲಿಲ್ಲ. ಸುಮಾರು 1,600 ಜನ. ಕೆನಡಾದ ಹೊಸ ನೌಕಾ ಕಾಲೇಜಿನ ಮೊದಲ ತಂಡದ ನಾಲ್ಕು ಹುಡುಗರೂ ಗುಡ್ ಹೋಪ್‌ನಲ್ಲಿದ್ದರು. ಜರ್ಮನರ ಕಡೆ ಮೂವರಿಗೆ ಗಾಯ. ಬ್ರಿಟಿಷ್ ನೌಕಾಪಡೆ ನೂರು ವರ್ಷದಲ್ಲಿ ಇಂಥ ಸೋಲು ಕಂಡಿರಲಿಲ್ಲ.

ಕ್ರಾಡಕ್ ವೀರನೋ, ಹಠಮಾರಿಯೋ ಎಂದು ಇಂಗ್ಲೆಂಡಿನವರು ನೂರು ವರ್ಷದಿಂದ ಜಗಳವಾಡುತ್ತಲೇ ಇದ್ದಾರೆ. ಶತ್ರುವಿಗೆ ಒಂದಿಷ್ಟು ಗಾಯ ಮಾಡಿದರೂ ರಿಪೇರಿ ಮಾಡಿಕೊಳ್ಳಲು ಅವನಿಗೆ ಅಲ್ಲಿ ಬಂದರಿಲ್ಲ, ಆದ್ದರಿಂದ ಸೋತರೂ ಲಾಭವೇ ಎಂಬುದು ಕ್ರಾಡಕ್‌ನ ಎಣಿಕೆಯಿರಬೇಕು ಎಂದು ಕೆಲವರು ಸಮರ್ಥಿಸುತ್ತಾರೆ. ಇರಬಹುದು. ಸ್ಪೇ ಆ ರಾತ್ರಿ ಸುಟ್ಟ ಗುಂಡುಗಳನ್ನು ಮತ್ತೆ ತುಂಬಿಕೊಳ್ಳಲು ಆಗಲಿಲ್ಲ ಎಂಬುದೂ ನಿಜ. ಆದರೆ ನನಗೆ ಕಾಣುವುದು ಬೇರೆ. ಹೆಚ್ಚಾಗಿ ರಿಸರ್ವಿನಿಂದ ಬಂದ ಆ 1,600 ಜನರಲ್ಲಿ ಯಾರ ಮೇಲೂ ಕೋರ್ಟ್ ಮಾರ್ಷಲ್ ಆಗುವ ಭಯ ಇರಲಿಲ್ಲ. ಇದ್ದದ್ದು ಒಬ್ಬನಿಗೆ. ಟ್ರೌಬ್ರಿಜ್ ತನ್ನ ಹೆಸರು ಕಳೆದುಕೊಂಡು ತನ್ನ ನಾಲ್ಕು ಹಡಗಿನವರನ್ನು ಮನೆಗೆ ಕಳಿಸಿದ. ನನ್ನ ಮಗ ಆ ಹಡಗುಗಳಲ್ಲಿ ಇದ್ದಿದ್ದರೆ ಯಾವ ಅಡ್ಮಿರಲ್ ಬೇಕೆನ್ನುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮನೆಗೆ ಕಳಿಸಿದ ಎಂದೆ. ಅದೂ ಪೂರ್ತಿ ನಿಜವಲ್ಲ. ಆ ನಾಲ್ಕರಲ್ಲಿ ಮೂರು, ಡಿಫೆನ್ಸ್, ವಾರಿಯರ್, ಬ್ಲ್ಯಾಕ್ ಪ್ರಿನ್ಸ್, 1916ರ ಮೇ 31ರಂದು ಜಟ್ಲೆಂಡ್ ಕಾಳಗದಲ್ಲಿ ದೊಡ್ಡ ಜರ್ಮನ್ ಫಿರಂಗಿಗಳೆದುರು ಸಿಕ್ಕಿ ಹಾಳಾದವು. ಡಿಫೆನ್ಸ್, ಬ್ಲ್ಯಾಕ್ ಪ್ರಿನ್ಸ್‌ಗಳಲ್ಲಿ ಒಬ್ಬನೂ ಬದುಕಲಿಲ್ಲ. ಫಾಸೆಟ್ ರೇ ಕತ್ತಲಲ್ಲಿ ಹಾಕಿದ ಲೆಕ್ಕ ತಪ್ಪಿರಲಿಲ್ಲ.

ಕೊರೊನೆಲ್ ಸುದ್ದಿ ಲಂಡನ್ನಿಗೆ ತಲುಪಿದ್ದು ನವೆಂಬರ್ 4ರಂದು. ಅದರ ಹಿಂದಿನ ದಿನವಷ್ಟೇ ಫಿಶರ್, ಡಿಫೆನ್ಸ್ ನಿನ್ನ ಕಡೆ ಹೊರಟಿದೆ, ಕನೋಪಸ್ ಬಿಟ್ಟು ಕಾದಾಡಬೇಡ ಎಂದು ಕ್ರಾಡಕ್‌ಗೆ ತಂತಿ ಕೊಡಿಸಿದ್ದ. ಮಾರನೆಯ ದಿನ, ನವೆಂಬರ್ 5ರಂದು, ಪೋರ್ಟ್‌ಲೆಂಡಿನಲ್ಲಿ ಬುಲ್ವಾರ್ಕ್ ಎಂಬ ಹಡಗಿನ ಮೇಲೆ ಟ್ರೌಬ್ರಿಜ್‌ನ ಕೋರ್ಟ್ ಮಾರ್ಷಲ್ ಶುರುವಾಯಿತು. ಬಲ ಮೀರಿದ ಶತ್ರುವಿನ ಜೊತೆ ಕಾದಾಡಲಿಲ್ಲ ಎಂಬ ತಪ್ಪಿಗೆ ಒಬ್ಬ ಅಡ್ಮಿರಲ್ ಕಟಕಟೆಯಲ್ಲಿ; ಬಲ ಮೀರಿದ ಶತ್ರುವಿನ ಜೊತೆ ಕಾದಾಡಿದ ಅಡ್ಮಿರಲ್ ನಾಲ್ಕು ದಿನದ ಹಿಂದೆ ಕಡಲ ತಳಕ್ಕೆ. ತೀರ್ಪು ಕೊಡಲು ಕೂತವರೆಲ್ಲ ಕ್ರಾಡಕ್‌ನನ್ನು ಬಲ್ಲ ಕಾಲದವರು. ತೆರೆದ ಕಡಲಿನಲ್ಲಿ, ಹಗಲಿನಲ್ಲಿ, ಗೋಬೆನ್ ಮಿಗಿಲಾದ ಬಲವೇ ಸರಿ, ಆದೇಶ ಹಾಗೆಯೇ ಇತ್ತು ಎಂದು ಒಪ್ಪಿದರು. ನವೆಂಬರ್ 9ರಂದು ಪೂರ್ಣ ಹಾಗೂ ಗೌರವಯುತ ಬಿಡುಗಡೆ. ಅದೇ ದಿನ ಕೋಕೋಸ್ ದ್ವೀಪದಲ್ಲಿ ಎಮ್ಡನ್ ಕಥೆ ಮುಗಿಯಿತು. ಹದಿನೇಳು ದಿನದ ಮೇಲೆ ಬುಲ್ವಾರ್ಕ್ ಕೂಡ, ನಿಂತಲ್ಲೇ, ಒಳಗಿನ ಮದ್ದು ಸಿಡಿದು, ಏಳುನೂರಕ್ಕೂ ಹೆಚ್ಚು ಜನರ ಸಮೇತ ಚೂರಾಯಿತು.

ಸ್ಪೇಗೆ ವಾಲ್ಪರೈಸೋ ಊರಿನ ಜರ್ಮನರು ಹೂ ಕೊಟ್ಟರಂತೆ. ನನ್ನ ಸಮಾಧಿಗೆ ಆಗುತ್ತದೆ ಎಂದನಂತೆ. ಡಿಸೆಂಬರ್ 8ರಂದು ಫಾಕ್‌ಲ್ಯಾಂಡಿನಲ್ಲಿ ಲಂಡನ್ ಕಳಿಸಿದ್ದ ಎರಡು ಬ್ಯಾಟಲ್‌ಕ್ರೂಸರ್‌ಗಳೂ ಜೊತೆಗಿದ್ದ ಕ್ರೂಸರ್‌ಗಳೂ ಸೇರಿ ಅವನ ಐದು ಹಡಗುಗಳಲ್ಲಿ ನಾಲ್ಕನ್ನು ಮುಳುಗಿಸಿದವು. ಅವನೂ ಹೋದ, ಬೇರೆ ಬೇರೆ ಹಡಗಿನಲ್ಲಿದ್ದ ಇಬ್ಬರು ಗಂಡುಮಕ್ಕಳೂ ಹೋದರು. ಕ್ರಾಡಕ್ ಬೇಡಿಕೊಂಡಿದ್ದದ್ದು ಒಂದು ಹಳೆಯ ಕ್ರೂಸರ್.

ಅವನಿಗೆ ಯಾರ್ಕ್ ಮಿನ್‌ಸ್ಟರ್ ಚರ್ಚಿನಲ್ಲಿ 1916ರಲ್ಲಿ ಸ್ಮಾರಕ ಕಟ್ಟಿದರು. ಟ್ರೌಬ್ರಿಜ್‌ಗೆ ಹಡಗಿನ ಮೇಲೆ ಮತ್ತೆ ಹುದ್ದೆ ಕೊಡಲಿಲ್ಲ. ಗೌರವಯುತ ಬಿಡುಗಡೆ ಅಂದರೆ ಅಷ್ಟೇ, ನಮ್ಮಲ್ಲೂ ಇಲಾಖಾ ವಿಚಾರಣೆಯಲ್ಲಿ ಗೆದ್ದವರಿಗೆ ಕುರ್ಚಿ ಸಿಗುತ್ತದೆ, ಕಡತ ಸಿಗುವುದಿಲ್ಲ. 1915ರ ಆರಂಭದಲ್ಲಿ ಅವನನ್ನು ಸರ್ಬಿಯಾಗೆ ಕಳಿಸಿದರು. ಕಡಲೇ ಇಲ್ಲದ ದೇಶ. ಬೆಲ್‌ಗ್ರೇಡಿನಲ್ಲಿ ಡ್ಯಾನ್ಯೂಬ್ ದಂಡೆಯ ಮೇಲೆ ಕೆಲವು ನೌಕಾ ಫಿರಂಗಿ ನಿಲ್ಲಿಸಿಕೊಂಡು ಆಸ್ಟ್ರಿಯಾದ ನದಿ ನೌಕೆಗಳನ್ನು ಕಾಯುವ ಕೆಲಸ. ಸರ್ಬಿಯನರು ಅವನನ್ನು ಹಚ್ಚಿಕೊಂಡರು. ಆ ಶರತ್ಕಾಲದಲ್ಲಿ ಜರ್ಮನ್, ಆಸ್ಟ್ರಿಯನ್, ಬಲ್ಗೇರಿಯನ್ ಸೈನ್ಯಗಳು ಮೂರು ಕಡೆಯಿಂದ ನುಗ್ಗಿದವು. ಇಡೀ ಸರ್ಬಿಯನ್ ಸೈನ್ಯ, ಮುದಿ ರಾಜ, ಹೆಂಗಸರು ಮಕ್ಕಳ ಸಮೇತ, ಹಿಮ ಬೀಳುತ್ತಿದ್ದ ಅಲ್ಬೇನಿಯಾದ ಬೆಟ್ಟಗಳನ್ನು ಹತ್ತಿ ಪಡುವಣಕ್ಕೆ ಹೊರಟಿತು. ದಾರಿಯುದ್ದಕ್ಕೂ ಹೆಣ. ಐವತ್ಮೂರು ವರ್ಷದ ಅಡ್ಮಿರಲ್ ಅವರ ಜೊತೆಗೇ ಬೆಟ್ಟ ದಾಟಿದ.

ಇಳಿದು ಬಂದದ್ದು ಸಾನ್ ಜೊವಾನ್ನಿ ದಿ ಮೆದುವಾ ಎಂಬ ಕೊಂಪೆಯಂಥ ಬಂದರಿಗೆ. ಎದುರಿಗೆ ಏಡ್ರಿಯಾಟಿಕ್. ಒಂದೂವರೆ ವರ್ಷದ ಹಿಂದೆ ನಾಲ್ಕು ಹಡಗು ಇಟ್ಟುಕೊಂಡು ಅವನು ಬಾಯಿ ಕಾದಿದ್ದ ಅದೇ ಕಡಲು. ಬಂದರಿನ ಉಸ್ತುವಾರಿ ಅವನ ಕೈಗೆ ಬಂತು. ಸಿಕ್ಕ ಸಿಕ್ಕ ಇಟಾಲಿಯನ್ ಸ್ಟೀಮರುಗಳಿಗೆ ಹಸಿದ ಜನರನ್ನು ಹತ್ತಿಸುತ್ತಾ, ಆ ಡಿಸೆಂಬರಿನಲ್ಲಿ, ದಂಡೆಯ ಮೇಲೆ ನಿಂತ.